ಬಾದಾಮಿಯ ಬಂಡೆ, ಬೆಳ್ಳಿಯ ಕಾಗದ

ಬೆಳಕಿನಿಂದಲೇ ಚಿತ್ರ ಮೂಡಿಸುವ ಡಾಗೇರನ ವಿದ್ಯೆ ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದು 1839ರ ಆಗಸ್ಟಿನಲ್ಲಿ. ಅದಾಗಿ ಹದಿನಾರು ವರ್ಷ ಕಳೆಯುವಷ್ಟರಲ್ಲಿ, 1855ರಲ್ಲಿ, ಬಾದಾಮಿಯ ಕೆಂಪು ಬಂಡೆಗಳ ಎದುರು ಕ್ಯಾಮೆರಾ ನಿಂತಿತ್ತು. ಆಗಿನ್ನೂ ಈ ಸೀಮೆಗೆ ರೈಲು ಬಂದಿರಲಿಲ್ಲ. ಮುಂಬೈ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಸರ್ಕಾರದ ಆಜ್ಞೆಯಂತೆ ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಸುತ್ತಿ ತೆಗೆದ ಚಿತ್ರಗಳು ಇಂದು ಲಂಡನ್ನಿನ ಸಂಗ್ರಹಗಳಲ್ಲಿವೆ. ಅವುಗಳ ಪ್ರತಿಗಳು ನಮ್ಮ ಮೊಬೈಲುಗಳಲ್ಲೂ ಓಡಾಡುತ್ತಿವೆ. ಅಂಥದೊಂದು ಚಿತ್ರ ಕಂಡೊಡನೆ ನಾವು ಹೇಳುವ ಮಾತು ಒಂದೇ: 'ಆಗ ಹೀಗಿತ್ತು.' ಈ ಮಾತಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು ಎಂಬುದು ನನ್ನ ವಾದ. ಚಾಲುಕ್ಯರ ಶಾಸನವನ್ನು ಓದುವಾಗ ಯಾರೂ ಅದನ್ನು ಇದ್ದದ್ದು ಇದ್ದಂತೆ ಒಪ್ಪಿಕೊಂಡುಬಿಡುವುದಿಲ್ಲ. ಬರೆಸಿದವರು ಯಾರು, ಯಾರ ಹಣ, ಯಾವ ಕಲ್ಲು, ಎಲ್ಲಿ ಸವೆದಿದೆ, ಯಾವ ಸಾಲು ಆಮೇಲೆ ಸೇರಿದ್ದು ಎಂದು ಕೇಳಿಕೊಂಡೇ ಮುಂದೆ ಹೋಗುತ್ತೇವೆ. ಬಾದಾಮಿ–ಐಹೊಳೆಯ ಮೊದಲ ಫೋಟೋಗಳಿಗೂ ಇಂಥದೇ ಓದು ಬೇಕು. ಹಾಗೆ ಓದಿದರೆ ತೆಗೆಸಿದವರು ಬಯಸಿದ್ದಕ್ಕಿಂತ ಹೆಚ್ಚಿನ ಸಂಗತಿ ಅವುಗಳಿಂದ ಹೊರಡುತ್ತದೆ.

ಮೊದಲು ಬರೆಸಿದವರ ವಿಷಯ. ಈಸ್ಟ್ ಇಂಡಿಯಾ ಕಂಪನಿಗೆ ತಾನು ಆಳುವ ನಾಡಿನ ಹಳೆಯ ಕಟ್ಟಡಗಳ ದಾಖಲೆ ಬೇಕಾಗಿತ್ತು. ಅದುವರೆಗೆ ಆ ಕೆಲಸ ನಕ್ಷೆಗಾರರದು, ಚಿತ್ರಕಾರರದು. ಅಜಂತೆಯ ಭಿತ್ತಿಚಿತ್ರಗಳನ್ನು ನಕಲು ಮಾಡಲು 1844ರಲ್ಲಿ ನೇಮಕವಾದ ರಾಬರ್ಟ್ ಗಿಲ್ ವರ್ಷಗಟ್ಟಲೆ ಅಲ್ಲೇ ಬೀಡುಬಿಟ್ಟು ಬರೆದರು. ಆ ನಕಲುಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು. ಕೈಯಿಂದ ಬರೆಸುವುದು ನಿಧಾನ, ದುಬಾರಿ. ಫೋಟೋ ಬೇಗ, ಅಗ್ಗ, ಒಂದು ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ಸಿಗುತ್ತದೆ ಎಂಬುದು ಕಂಪನಿಯ ನಿರ್ದೇಶಕರಿಗೆ ಹೊಳೆಯಿತು. 1854ರಲ್ಲಿ ಮುಂಬೈಯಲ್ಲಿ ಫೋಟೋಗ್ರಫಿ ಸೊಸೈಟಿ ಹುಟ್ಟಿತು. ಬಿಗ್ಸ್ ಆ ಕಾಲದ ಹವ್ಯಾಸಿ ಫೋಟೋಗ್ರಾಫರುಗಳಲ್ಲಿ ಒಬ್ಬರು. ಅವರನ್ನು ಸೈನ್ಯದ ಕೆಲಸಕ್ಕೆ ವಾಪಸು ಕರೆಸಿಕೊಂಡ ಮೇಲೆ ವೈದ್ಯರಾಗಿದ್ದ ಡಾ. ಪಿಗೌ, ಬಳಿಕ ಮತ್ತೊಬ್ಬ ವೈದ್ಯ ಡಾ. ನೀಲ್ ಕೆಲಸ ಮುಂದುವರಿಸಿದರು. ಈ ಮೂವರ ಚಿತ್ರಗಳು 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದ ಧಾರವಾಡ–ಮೈಸೂರು ವಾಸ್ತುಶಿಲ್ಪದ ದೊಡ್ಡ ಸಂಪುಟದಲ್ಲಿ ಅಚ್ಚಾದವು. ಚರಿತ್ರೆ ಬರೆದವರು ಸುರಪುರದಲ್ಲಿ ವರ್ಷಗಟ್ಟಲೆ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ವಾಸ್ತು ವಿವರಣೆ ಜೇಮ್ಸ್ ಫರ್ಗುಸನ್ ಅವರದು. ಹಿನ್ನೆಲೆ ಇಷ್ಟು ಸಾಕು. ನಿಜವಾದ ಸ್ವಾರಸ್ಯ ಇರುವುದು ಆ ಕಾಗದದಲ್ಲಿ.

ಡಾಗೇರನ ಚಿತ್ರ ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಮೂಡುತ್ತಿತ್ತು. ಅದು ಒಂದೇ ಒಂದು, ಪ್ರತಿ ತೆಗೆಯುವ ಹಾಗಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೊಟೈಪ್ ಕಾಗದದ ವಿದ್ಯೆ. ಬಿಗ್ಸ್ ಬಳಸಿದ್ದು ಇದನ್ನೇ. ಒಳ್ಳೆಯ ಬರೆಯುವ ಕಾಗದಕ್ಕೆ ಸಿಲ್ವರ್ ನೈಟ್ರೇಟ್ ಬಳಿದು, ಒಣಗಿಸಿ, ಪೊಟ್ಯಾಸಿಯಂ ಅಯೊಡೈಡ್ ದ್ರಾವಣದಲ್ಲಿ ಅದ್ದಿದರೆ ಹಾಳೆಯ ಮೇಲೆ ಸಿಲ್ವರ್ ಅಯೊಡೈಡಿನ ತಿಳಿಹಳದಿ ಪದರ ಕೂರುತ್ತದೆ. ಚಿತ್ರ ತೆಗೆಯುವ ಮುನ್ನ ಕತ್ತಲಲ್ಲಿ ಅದರ ಮೇಲೆ ಸಿಲ್ವರ್ ನೈಟ್ರೇಟ್, ಅಸಿಟಿಕ್ ಆಮ್ಲ, ಮಾಚಿಕಾಯಿಯಿಂದ ತೆಗೆದ ಗ್ಯಾಲಿಕ್ ಆಮ್ಲ ಬೆರೆಸಿದ ದ್ರಾವಣವನ್ನು ಸವರಬೇಕು. ಆಮೇಲೆ ಕ್ಯಾಮೆರಾದ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಹೊರತೆಗೆದಾಗ ಹಾಳೆಯ ಮೇಲೆ ಏನೂ ಕಾಣುವುದಿಲ್ಲ; ಗ್ಯಾಲಿಕ್ ಆಮ್ಲ ಮತ್ತೆ ತಾಗಿದಾಗಲೇ ಅಡಗಿದ್ದ ಚಿತ್ರ ಮೆಲ್ಲನೆ ಕಪ್ಪಾಗಿ ಏಳುತ್ತದೆ. ಹೈಪೋದಲ್ಲಿ ತೊಳೆದು ಚಿತ್ರವನ್ನು ನಿಲ್ಲಿಸಿ, ಕಾಗದ ಪಾರದರ್ಶಕವಾಗಲೆಂದು ಜೇನುಮೇಣ ಕುಡಿಸಿದರೆ ನೆಗೆಟಿವ್ ಸಿದ್ಧ. ಅದನ್ನು ಉಪ್ಪುನೀರು, ಬೆಳ್ಳಿ ಕುಡಿದ ಮತ್ತೊಂದು ಹಾಳೆಗೆ ಒತ್ತಿ ಹಿಡಿದು ಬಿಸಿಲಿಗಿಟ್ಟರೆ ಪ್ರತಿ ಬರುತ್ತದೆ. ದಾರಿಯುದ್ದಕ್ಕೂ ಗಾಜು ಒಡೆಯುವ ಭಯವಿಲ್ಲ, ಹೊರೆ ಹಗುರ. 1851ರಲ್ಲಿ ಸ್ಕಾಟ್ ಆರ್ಚರ್ ಕಂಡುಹಿಡಿದ ಗಾಜಿನ ಕೊಲೋಡಿಯನ್ ವಿಧಾನ ಇದಕ್ಕಿಂತ ಸೂಕ್ಷ್ಮ ವಿವರ ಕೊಡುತ್ತಿತ್ತಾದರೂ ಲೇಪ ಹಸಿಯಾಗಿರುವಾಗಲೇ ಚಿತ್ರ ತೆಗೆದು ತೊಳೆದು ಮುಗಿಸಬೇಕು. ಬಾದಾಮಿಯ ಬಿಸಿಲಿನಲ್ಲಿ ಆ ಹಸಿ ಎಷ್ಟು ಹೊತ್ತು ನಿಂತೀತು ಎಂಬುದನ್ನು ಊರಿನವರಿಗೆ ಹೇಳಬೇಕಾಗಿಲ್ಲ.

ಈ ರಸಾಯನದ ಒಂದು ಗುಣ ಬಾದಾಮಿಯ ಮಟ್ಟಿಗೆ ಬಹಳ ಮುಖ್ಯ. ಬೆಳ್ಳಿಯ ಈ ಲವಣಕ್ಕೆ ನೀಲಿ, ನೇರಳೆ ಬೆಳಕು ಮಾತ್ರ ತಿಳಿಯುತ್ತದೆ. ಕೆಂಪು ಇದ್ದರೂ ಇಲ್ಲದಂತೆ. ಬಣ್ಣದ ದ್ರವ್ಯ ಬೆರೆಸಿ ಈ ದೋಷ ತಿದ್ದುವ ದಾರಿಯನ್ನು ಜರ್ಮನಿಯ ಹರ್ಮನ್ ಫೋಗೆಲ್ ಕಂಡುಹಿಡಿದದ್ದು 1873ರಲ್ಲಿ, ಬಿಗ್ಸ್ ಬಂದುಹೋಗಿ ಹದಿನೆಂಟು ವರ್ಷದ ಮೇಲೆ. ಅಂದರೆ ಬೆಳಗಿನ ಬಿಸಿಲಿಗೆ ಕೆಂಡದಂತೆ ಹೊಳೆಯುವ ಮರಳುಗಲ್ಲಿನ ಬೆಟ್ಟ ಆ ಕಾಗದಕ್ಕೆ ಹೆಚ್ಚುಕಡಿಮೆ ಕಪ್ಪು. ನೀಲಿ ಆಕಾಶವೋ ಬರಿ ಬಿಳುಪು. ಮೋಡ ಇದ್ದರೂ ಕಾಣದು. ಗಿಡಮರಗಳ ಹಸಿರೂ ಕಪ್ಪಿಗೇ ಸೇರುತ್ತದೆ. ಹಳೆಯ ಚಿತ್ರಗಳಲ್ಲಿ ಬಾದಾಮಿ ಗಂಭೀರವಾಗಿ, ಕತ್ತಲು ಕವಿದ ಹಾಗೆ, ಯಾವುದೋ ದುಃಖದ ಊರಿನಂತೆ ಕಂಡರೆ ಅದರಲ್ಲಿ ಬಹುಪಾಲು ಸಿಲ್ವರ್ ಅಯೊಡೈಡಿನ ಕೆಲಸ. ಅದನ್ನು ಊರಿನ ಸ್ವಭಾವವೆಂದು ಓದಿದರೆ ತಪ್ಪಾಗುತ್ತದೆ.

ಎರಡನೆಯ ಗುಣ ಕಾಲದ್ದು. ನಿಮಿಷಗಟ್ಟಲೆ ಮುಚ್ಚಳ ತೆರೆದಿದ್ದಾಗ ನಿಂತದ್ದು ಮಾತ್ರ ಉಳಿಯುತ್ತದೆ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು, ಕೊಡ ಹೊತ್ತು ಹತ್ತುವವರು, ದನ, ನಾಯಿ, ಆಡುವ ಮಕ್ಕಳು ಆ ಹೊತ್ತಿನಲ್ಲಿ ಹತ್ತು ಸಲ ಅಡ್ಡ ಹಾದರೂ ಕಾಗದದ ಮೇಲೆ ಗುರುತೇ ಬೀಳದು. ಯಾರನ್ನಾದರೂ ಅಲುಗಾಡದೆ ನಿಲ್ಲಿಸಿದ್ದರೆ ಅವರು ಕಾಣುತ್ತಾರೆ, ಅದೂ ಹೆಚ್ಚಾಗಿ ಕಂಬದ ಎತ್ತರ ತಿಳಿಯಲೆಂದು ನಿಲ್ಲಿಸಿದ ಅಳತೆಗೋಲಾಗಿ. ಹೀಗೆ ತುಂಬಿದ ಊರು ಚಿತ್ರದಲ್ಲಿ ಖಾಲಿಯಾಗುತ್ತದೆ. ಆ ಖಾಲಿ ಚಿತ್ರ ಲಂಡನ್ನಿಗೆ ಹೋದಾಗ ಅಲ್ಲಿನ ಓದುಗನಿಗೆ ಇದು ಜನ ಬಿಟ್ಟುಹೋದ ಹಾಳು ಎಂದೇ ಅನಿಸುತ್ತದೆ. ಮೇಣಬಸದಿಗಳ, ಅಂದರೆ ಬಾದಾಮಿಯ ಗುಹಾದೇವಾಲಯಗಳ, ವಿಷಯದಲ್ಲಿ ಇನ್ನೊಂದು ತೊಡಕೂ ಇತ್ತು. ಗುಹೆಗಳು ಉತ್ತರಕ್ಕೆ ಮುಖ ಮಾಡಿವೆ. ಒಳಗೆ ನೇರ ಬಿಸಿಲು ಬೀಳುವುದು ಅಪರೂಪ. ಮೆಗ್ನೀಸಿಯಂ ಉರಿಸಿ ಬೆಳಕು ಮಾಡುವ ರೂಢಿ ಬಂದದ್ದು 1860ರ ದಶಕದಲ್ಲಿ. ಆದ್ದರಿಂದ ಕ್ಯಾಮೆರಾಕ್ಕೆ ಸುಲಭವಾಗಿ ಒದಗಿದ್ದು ಮೊಗಸಾಲೆಯ ಶಿಲ್ಪಗಳು, ಹೊರಗಿನ ಕಂಬಗಳು. ಗರ್ಭಗುಡಿ, ಚಾವಣಿ, ಒಳಗಿನ ಮೂಲೆಗಳು ಕಾಗದಕ್ಕೆ ಎಟುಕದ ಕತ್ತಲೆಯಲ್ಲೇ ಉಳಿದವು.

ಮೂರನೆಯ ಗುಹೆಯನ್ನೇ ತೆಗೆದುಕೊಳ್ಳಿ. ಚಾಲುಕ್ಯ ಮಂಗಳೇಶನ ಶಾಸನ ಅದಕ್ಕೆ ಶಕ 500, ಅಂದರೆ ಕ್ರಿ.ಶ. 578 ಎಂಬ ಖಚಿತ ಕಾಲ ಕೊಟ್ಟಿದೆ. ಭಾರತದ ಗುಹಾದೇವಾಲಯಗಳಲ್ಲಿ ಇಷ್ಟು ನಿಖರವಾಗಿ ಕಾಲ ಗೊತ್ತಿರುವವು ವಿರಳ. ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣು, ಕಾಲೆತ್ತಿದ ತ್ರಿವಿಕ್ರಮ, ವರಾಹ, ನರಸಿಂಹ, ಹರಿಹರ — ಇವರೆಲ್ಲ ಮೊಗಸಾಲೆಯ ದೊಡ್ಡ ಶಿಲ್ಪಗಳು. ಇದೇ ಗುಹೆಯ ಕೊಡುಂಗೆಯ ಒಳಮೈಯಲ್ಲಿ ಬಣ್ಣದ ಚಿತ್ರಗಳಿದ್ದವು. ಈಗಲೂ ಒಂದಷ್ಟು ಉಳಿದಿವೆ. 1930ರ ದಶಕದಲ್ಲಿ ಸ್ಟೆಲ್ಲಾ ಕ್ರಾಮ್ರಿಷ್ ಅವುಗಳ ಮೇಲೆ ಬರೆದ ಬಳಿಕವೇ ಬಾದಾಮಿಗೆ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಜಾಗ ಸಿಕ್ಕಿತು. ಬಣ್ಣ ಕಾಣದ, ಕತ್ತಲೆ ಹೊಗದ ಕಾಗದ ಬಾದಾಮಿಯನ್ನು ಲೋಕಕ್ಕೆ ಬರೀ ಕೆತ್ತನೆಯ ಊರಾಗಿ ಪರಿಚಯಿಸಿತ್ತು. ಅದೇ ಗುಹೆಯಲ್ಲಿ ಮಂಗಳೇಶನ ಇನ್ನೊಂದು ಚಿಕ್ಕ ಕನ್ನಡ ಶಾಸನವಿದೆ. ಹೂಮಾಲೆ ಕಟ್ಟುವವರಿಗೆ ಬಿಟ್ಟ ದತ್ತಿಯ ಮಾತು ಅದರಲ್ಲಿದೆ. ಆರನೆಯ ಶತಮಾನದ ಆ ಕೆಲವು ಸಾಲುಗಳಿಂದ ಗುಹೆಯೊಳಗೆ ದಿನವೂ ಹೂ ಬರುತ್ತಿತ್ತು, ಅದಕ್ಕೊಂದು ಕುಲಕಸುಬು ಇತ್ತು ಎಂದು ತಿಳಿಯುತ್ತದೆ. 1855ರ ಫೋಟೋದಲ್ಲಿ ಅಂಥದ್ದರ ಸುಳಿವಿಲ್ಲ. ಹಾಗಾಗಿ ಒಂದೇ ಗೋಡೆಯ ಬಗ್ಗೆ ಎರಡು ದಾಖಲೆ ಇರುವಾಗ ಹೊಸದೇ ಹೆಚ್ಚು ನಂಬಿಕೆಯದು ಎನ್ನುವಂತಿಲ್ಲ.

ಇದಕ್ಕೆ ಸಹಜವಾಗಿ ಒಂದು ಆಕ್ಷೇಪ ಬರುತ್ತದೆ. ಚಿತ್ರಕಾರ ತನಗೆ ತೋಚಿದ್ದನ್ನು ಬರೆಯುತ್ತಾನೆ; ಮುರಿದ ಮೂಗನ್ನು ಸರಿಮಾಡುತ್ತಾನೆ, ಇಲ್ಲದ ತೆಂಗಿನಮರ ನೆಡುತ್ತಾನೆ. ಕ್ಯಾಮೆರಾ ಎದುರಿಗಿಲ್ಲದ್ದನ್ನು ತೋರಿಸದು. ಬಣ್ಣ, ಚಲನೆ ಬಿಟ್ಟುಹೋದರೇನು, ಸಿಕ್ಕಿದ್ದಾದರೂ ನಿಜವಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ಐಹೊಳೆಯ ದುರ್ಗಾ ಗುಡಿಯ ಹಳೆಯ ಫೋಟೋದಲ್ಲಿ ಚಾವಣಿಯ ಮೇಲೆ ಕಾಡುಗಲ್ಲು ಪೇರಿಸಿ ಕಟ್ಟಿದ ಕೋಟೆಕೆಲಸದ ಅವಶೇಷ ಕಾಣುತ್ತದೆ. ಒಂದು ಕಾಲಕ್ಕೆ ಆ ಗುಡಿಯನ್ನೇ ಕಾವಲು ಬುರುಜಾಗಿ ಬಳಸಿದ್ದರು. ದುರ್ಗದ ಗುಡಿ ಎಂಬ ಹೆಸರು ಬಂದದ್ದೂ ಅದರಿಂದಲೇ ಹೊರತು ದೇವಿಯಿಂದಲ್ಲ. ಆಮೇಲೆ ಸಂರಕ್ಷಣೆಯ ಹೆಸರಲ್ಲಿ ಆ ಕಲ್ಲುಗುಪ್ಪೆಯನ್ನು ತೆಗೆದುಹಾಕಿದರು. ಇಂದು ಹುಲ್ಲುಹಾಸಿನ ನಡುವೆ ನಿಂತ ಸ್ವಚ್ಛ ಗುಡಿಯನ್ನು ನೋಡುವವರಿಗೆ ಅದರ ನೂರಾರು ವರ್ಷದ ನಡುಬಾಳು ಗೊತ್ತಾಗುವುದೇ ಇಲ್ಲ. ಚಿತ್ರಕಾರನಾಗಿದ್ದರೆ ಅಂದ ಕೆಡಿಸುವ ಆ ಗುಪ್ಪೆಯನ್ನು ಬಿಟ್ಟುಬಿಡುತ್ತಿದ್ದನೋ ಏನೋ. ಕಾಗದ ಬಿಡಲಿಲ್ಲ. ಈ ಉಪಕಾರವನ್ನು ಮನಸಾರೆ ಒಪ್ಪುತ್ತೇನೆ.

ಆದರೆ ಅದೇ ಗುಡಿಯ ಫೋಟೋವನ್ನು ಮುಂದಿಟ್ಟುಕೊಂಡು ಫರ್ಗುಸನ್ ಬರೆದದ್ದೇನು? ಹಿಂಭಾಗ ಅರ್ಧಚಂದ್ರಾಕಾರವಾಗಿ ದುಂಡಾಗಿದೆ. ಬೌದ್ಧ ಚೈತ್ಯಗಳ ಆಕಾರವೂ ಹಾಗೆಯೇ. ಆದ್ದರಿಂದ ಇದು ಚೈತ್ಯವನ್ನು ಕಲ್ಲಿನಲ್ಲಿ ಕಟ್ಟಿ ಎಬ್ಬಿಸಿದ ಬೌದ್ಧ ಮೂಲದ ಕಟ್ಟಡ. ಪ್ರದಕ್ಷಿಣ ಪಥದಲ್ಲಿ ಒಂದು ಸುತ್ತು ಬಂದರೆ ಶಿವ, ವಿಷ್ಣು, ಮಹಿಷಮರ್ದಿನಿಯರ ಆಳೆತ್ತರದ ಶಿಲ್ಪಗಳು ಎದುರಾಗುತ್ತವೆ. ಬಾಗಿಲ ಮಂಟಪದ ಶಾಸನವನ್ನು ಓದಿದ ಮುಂದಿನ ವಿದ್ವಾಂಸರು ಇದು ಆದಿತ್ಯನಿಗೆ, ಎಂದರೆ ಸೂರ್ಯನಿಗೆ, ಕಟ್ಟಿಸಿದ್ದೆಂದು ತೋರಿಸಿದರು. ಫರ್ಗುಸನ್ ದಡ್ಡರಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೂ ಎಲ್ಲೋರದ ಕೈಲಾಸಕ್ಕೂ ಇರುವ ನಂಟನ್ನು ಗುರುತಿಸಿ ಕೈಲಾಸದ ಕಾಲವನ್ನು ಎಂಟನೆಯ ಶತಮಾನದ ಕಡೆಗೆ ತಂದವರಲ್ಲಿ ಅವರು ಪ್ರಮುಖರು. ದೂರದೂರದ ಕಟ್ಟಡಗಳನ್ನು ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೋಲಿಸಬಹುದಾದದ್ದು ಫೋಟೋದಿಂದಲೇ. ಆ ಲಾಭ ನಿಜ. ಅವರ ಎಡವಟ್ಟು ಬಂದದ್ದೂ ಅದೇ ಮೇಜಿನಿಂದ. ಒಂದು ಕೋನದಿಂದ ತೆಗೆದ ಚಿತ್ರದಲ್ಲಿ ಕಟ್ಟಡದ ಆಕಾರ ಎದ್ದು ಕಾಣುತ್ತದೆ, ಒಳಗಿನ ಶಿಲ್ಪ ನೆರಳಲ್ಲಿ ಮುಳುಗುತ್ತದೆ. ನೋಡುವವನು ಆಕಾರವನ್ನೇ ಹಿಡಿದು ತೀರ್ಪು ಕೊಡುತ್ತಾನೆ. ಫೋಟೋ ಸುಳ್ಳು ಹೇಳಿಲ್ಲ, ಒಪ್ಪಿದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವಷ್ಟು ಸಂಗತಿ ಅದರಲ್ಲಿ ಇರಲಿಲ್ಲ, ಅಷ್ಟೆ.

ಈ ಎಚ್ಚರ ಶಾಸನ ಓದುವವರಿಗೆ ಆಗಲೇ ಬಂದಿತ್ತು ಎಂಬುದು ಗಮನಿಸಬೇಕಾದ ವಿಷಯ. ಬಿಗ್ಸ್, ಪಿಗೌ ಗುಡಿಗಳ ಜೊತೆಗೆ ಶಾಸನಗಳ ಫೋಟೋಗಳನ್ನೂ ತೆಗೆದಿದ್ದರು. ಮೈಸೂರು ಸೀಮೆಯಲ್ಲಿ ಮೇಜರ್ ಡಿಕ್ಸನ್ 1865ರ ಸುಮಾರಿಗೆ ಅದೇ ಕೆಲಸ ಮಾಡಿದರು. ಆ ಚಿತ್ರಗಳನ್ನು ಆಧರಿಸಿ ಬಿ.ಎಲ್. ರೈಸ್ 1879ರಲ್ಲಿ ಮೈಸೂರು ಶಾಸನಗಳ ಅನುವಾದ ಹೊರತಂದರು. ನಮ್ಮ ಕಡೆ ಜೆ.ಎಫ್. ಫ್ಲೀಟ್ ಇಂಥ ಫೋಟೋಗಳಿಂದ ಎಷ್ಟೋ ಶಾಸನಗಳನ್ನು ಓದಿದರು. ಆದರೆ ಅಕ್ಷರ ಎಂದರೆ ಕಲ್ಲಿನ ತಗ್ಗು. ಬಿಸಿಲು ಓರೆಯಾಗಿ ಬಿದ್ದರೆ ಮಾತ್ರ ಅದು ಕಣ್ಣಿಗೆ ಕಾಣುತ್ತದೆ. ನೆತ್ತಿಯ ಮೇಲಿದ್ದರೆ ಮಾಯ. ಕಲ್ಲಿನ ಬಿರುಕು ಕೊಂಬಿನಂತೆಯೂ ಸವೆದ ಒತ್ತಕ್ಷರ ಬರೀ ಕಲೆಯಂತೆಯೂ ತೋರುತ್ತದೆ. ಆದ್ದರಿಂದ ವಿದ್ವಾಂಸರು ಕಲ್ಲಿನ ಬಳಿಗೇ ಮರಳಿದರು. ಒದ್ದೆ ಕಾಗದವನ್ನು ಬಂಡೆಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ತೆಗೆಯುವ ಅಚ್ಚು ಶಾಸನಶಾಸ್ತ್ರದ ನೆಚ್ಚಿನ ಸಾಧನವಾಯಿತು. ಇವತ್ತಿಗೂ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಬಂಡೆಯ ಮುಂದೆ ಪಾಠ ಒಪ್ಪಿಸುವ ವಿದ್ವಾಂಸ ಬರಿ ಫೋಟೋ ನಂಬಿ ಮಾತಾಡುವುದಿಲ್ಲ. ಶಾಸನಕ್ಕೆ ಸಲ್ಲುವ ಈ ಶಿಸ್ತು ಗುಡಿಯ ಫೋಟೋಗೆ, ಊರಿನ ಫೋಟೋಗೆ ಯಾಕೆ ಸಲ್ಲಬಾರದು? ಜೇಮ್ಸ್ ಬರ್ಜೆಸ್ 1874ರಲ್ಲಿ ಬೆಳಗಾವಿ–ಕಲಾದಗಿ ಜಿಲ್ಲೆಗಳನ್ನು ಸುತ್ತಿ ಕೊಟ್ಟ ವರದಿಯಲ್ಲಿ ಫೋಟೋ, ನಕ್ಷೆ, ಅಳತೆ, ಶಾಸನಪಾಠಗಳು ಜೊತೆಜೊತೆಗೆ ಬರುವುದನ್ನು ನೋಡಿದರೆ ಫೋಟೋ ಒಂದೇ ಸಾಲದು ಎಂಬುದು ಇಪ್ಪತ್ತು ವರ್ಷದೊಳಗೆ ಅವರಿಗೇ ಮನವರಿಕೆಯಾಗಿತ್ತು ಎನ್ನಬಹುದು.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು. ಆಳುವವರು ತಮಗಾಗಿ ತೆಗೆಸಿದ ಚಿತ್ರಗಳು ಇವು. ನಾಡನ್ನು ಪಟ್ಟಿಮಾಡಿ ಹಿಡಿತದಲ್ಲಿಡುವ ಸಾಧನ. ನಮಗೇಕೆ ಇವುಗಳ ಹಂಗು ಎಂದು ಕೇಳುವವರಿದ್ದಾರೆ. ಆರೋಪದ ಮೊದಲ ಭಾಗ ಸರಿ. ಬಿಗ್ಸ್ ಚಿತ್ರ ತೆಗೆದದ್ದು 1855ರಲ್ಲಿ, ಪುಸ್ತಕ ಬಂದದ್ದು 1866ರಲ್ಲಿ. ನಡುವೆ ಈ ಸೀಮೆಯಲ್ಲಿ ಏನೇನು ನಡೆಯಿತು? 1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಸೆಟೆದು ನಿಂತರು. ಕಂಪನಿಯ ಪಡೆ ಊರಿಗೆ ಬೆಂಕಿಯಿಟ್ಟಿತು, ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ಮರುವರ್ಷ ನರಗುಂದದ ಬಾಬಾಸಾಹೇಬರ ಸರದಿ. ಲಖನೌದಲ್ಲಿ ಫೆಲಿಸ್ ಬಿಯಾಟೊ 1858ರಲ್ಲಿ ದಂಗೆಯ ಅವಶೇಷಗಳ ಫೋಟೋ ತೆಗೆದು ಹೆಸರಾದ. ನಮ್ಮ ಸೀಮೆಯ ಪುಸ್ತಕದಲ್ಲಿ ಮಾತ್ರ ಗುಡಿ, ಕಂಬ, ಶಿಲ್ಪ ಬಿಟ್ಟು ಬೇರೇನಿಲ್ಲ. ಹಲಗಲಿಯ ಕಥೆಯನ್ನು ಕಾಪಾಡಿದ್ದು ಲಾವಣಿ. ಆ ಲಾವಣಿಯನ್ನು ಜನರ ಬಾಯಿಂದ ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚುಹಾಕಿಸಿದವರು, ಫೋಟೋ ನೋಡಿ ಶಾಸನ ಓದುತ್ತಿದ್ದ ಅದೇ ಫ್ಲೀಟ್. ಒಬ್ಬ ಅಧಿಕಾರಿಯ ಮೇಜಿನ ಮೇಲೆ ಚಾಲುಕ್ಯರ ಅಕ್ಷರ ಫೋಟೋ ಆಗಿ ಬಂತು, ಬೇಡರ ದನಿ ಹಾಡಾಗಿ ಬಂತು. ಏನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಬೇಕು ಎಂಬುದನ್ನು ಅಧಿಕಾರ ತೀರ್ಮಾನಿಸಿತ್ತು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಆದರೆ ಆರೋಪದ ಎರಡನೆಯ ಭಾಗವನ್ನು, ಅಂದರೆ ಇವು ನಮಗೆ ಬೇಡ ಎಂಬುದನ್ನು, ಒಪ್ಪಲಾರೆ. ಶಾಸನ ಬರೆಸಿದವರೂ ಅರಸರೇ ಅಲ್ಲವೇ? ಐಹೊಳೆಯ ಮೇಗುತಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆದದ್ದು ಇಮ್ಮಡಿ ಪುಲಕೇಶಿಯ ಹೊಗಳಿಕೆ. ಹೊಗಳಿಕೆ ಎಂದು ಅದನ್ನು ಯಾರೂ ಬಿಸಾಡಿಲ್ಲ. ಹೊಗಳಿಕೆಯೊಳಗಿಂದಲೇ ಕಾಲ, ಯುದ್ಧ, ಎಲ್ಲೆಗಳನ್ನು ಹೆಕ್ಕಿಕೊಂಡಿದ್ದೇವೆ. ಹಂಪಿಯ ಉದಾಹರಣೆಯೂ ಇದೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳು ಬಹುಕಾಲ ಕಣ್ಮರೆಯಾಗಿದ್ದು 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಸಿಕ್ಕವು. ಆಸ್ಟ್ರೇಲಿಯದ ಜಾನ್ ಗೊಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟಾಗ ಯಾವ ಗೋಪುರ ಕುಸಿದಿದೆ, ಯಾವುದನ್ನು ತಿದ್ದಿದ್ದಾರೆ, ಎಲ್ಲಿ ಗದ್ದೆ ಬಂದಿದೆ ಎಂಬುದು ಕಲ್ಲುಕಲ್ಲಾಗಿ ಗೊತ್ತಾಯಿತು. ಬಾದಾಮಿ, ಐಹೊಳೆಗಳಲ್ಲೂ ಬಿಗ್ಸ್ ನಿಂತ ಜಾಗಗಳನ್ನು ಹುಡುಕಿ ಇಂಥ ಕೆಲಸ ಮಾಡಬಹುದು. ಅದರ ಫಲ ವಿದ್ವಾಂಸರಿಗಷ್ಟೇ ಸೀಮಿತವಲ್ಲ. ಐಹೊಳೆಯಲ್ಲಿ ಗುಡಿಗಳಿಗೂ ಮನೆಗಳಿಗೂ ನಡುವೆ ಗೋಡೆಯೇ ಇರಲಿಲ್ಲ. ಲಾಡಖಾನನ ಗುಡಿ ಎಂಬ ಹೆಸರೇ ಅಲ್ಲೊಬ್ಬ ವಾಸವಾಗಿದ್ದುದರಿಂದ ಬಂತು. ಊರನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದೇ ಇದೆ. ಗುಡಿ ಯಾವಾಗಲೂ ಒಂಟಿಯಾಗಿ ನಿಂತಿತ್ತು, ಜನ ಆಮೇಲೆ ಒತ್ತುವರಿ ಮಾಡಿದರು ಎಂಬ ಭಾವನೆ ಆ ಚರ್ಚೆಯಲ್ಲಿ ಆಗಾಗ ತಲೆಹಾಕುತ್ತದೆ. ಆ ಭಾವನೆಗೆ ಹಳೆಯ ಖಾಲಿ ಫೋಟೋಗಳನ್ನು ಸಾಕ್ಷಿಯಾಗಿ ಒಡ್ಡುವ ಮೊದಲು, ಅವುಗಳ ಖಾಲಿತನದಲ್ಲಿ ಎಷ್ಟು ಪಾಲು ನಿಮಿಷಗಟ್ಟಲೆ ತೆರೆದಿದ್ದ ಮುಚ್ಚಳದ್ದು ಎಂದು ಲೆಕ್ಕ ಹಾಕಲೇಬೇಕು. ಮುಳುವೇಲಿ, ಸೌದೆಯ ಒಟ್ಟು, ಗೋಡೆಗೆ ತಾಗಿದ ಮಾಳಿಗೆಯ ಅಂಚು, ಮಸಿ ಹಿಡಿದ ಕಂಬ — ಅಲುಗಾಡದ ಇಂಥ ಗುರುತುಗಳನ್ನು ಹುಡುಕಿದರೆ ಓಡಾಡಿ ಅಳಿಸಿಹೋದ ಜನರ ಸುಳಿವು ಅದೇ ಕಾಗದದಲ್ಲಿ ಸಿಕ್ಕೀತು.

ಇನ್ನೊಂದು ಸಂಗ್ರಹವಿದೆ, ಅದು ಲಂಡನ್ನಿನಲ್ಲಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು, ಅಂಗಡಿಸಾಲುಗಳು ಮುಳುಗಿದವು. ಜನ ನವನಗರಕ್ಕೆ ಬಂದರು. ಮುಳುಗಿದ ಓಣಿಗಳ ಚಿತ್ರ ಸರ್ಕಾರದ ಕಡತಕ್ಕಿಂತ ಮನೆಮನೆಯ ಆಲ್ಬಮ್ಮುಗಳಲ್ಲಿ ಹೆಚ್ಚಾಗಿದೆ: ಮದುವೆಯ ಮೆರವಣಿಗೆಯ ಹಿಂದೆ ಕಾಣುವ ಅಂಗಡಿ, ಕೂಸಿನ ತೊಟ್ಟಿಲ ಹಿಂದಿನ ಪಡಸಾಲೆ, ಹೋಳಿಯ ಬಣ್ಣದ ಬಂಡಿ ನಿಂತ ಚೌಕ. ಬಾದಾಮಿ, ಇಳಕಲ್ಲು, ಹುನಗುಂದದ ಮನೆಗಳಲ್ಲೂ ಶಾಲಾ ಪ್ರವಾಸದ, ಬನಶಂಕರಿ ಜಾತ್ರೆಯ ಇಂಥ ಚಿತ್ರಗಳು ಬೇಕಾದಷ್ಟಿವೆ. ಬಿಗ್ಸನ ಕಾಗದದಲ್ಲಿ ಕಾಣದ ಜನ ಇವುಗಳಲ್ಲಿ ನಗುತ್ತ ನಿಂತಿದ್ದಾರೆ. ಆದರೆ ಹೆಚ್ಚಿನವುಗಳ ಹಿಂಬದಿ ಖಾಲಿ: ಯಾವ ವರ್ಷ, ಯಾವ ಓಣಿ, ತೆಗೆದವರು ಯಾರು ಎಂಬುದು ಮನೆಯ ಹಿರಿಯರೊಬ್ಬರಿಗೆ ಮಾತ್ರ ಗೊತ್ತು. ಅವರನ್ನು ಕೂರಿಸಿಕೊಂಡು, ಒಂದೊಂದೇ ಚಿತ್ರ ತೋರಿಸಿ, ಹಿಂದೆ ಪೆನ್ಸಿಲ್ಲಿನಲ್ಲಿ ಮೂರು ಸಾಲು ಬರೆದಿಡುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಈ ವರ್ಷವೇ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.